ಬಾನೆಟ್ಟಿನ ಮೇಲಿನ ಟೋಪಿ

ಕಾಡು ತೋರಿಸುವ ಜೀಪಿನ ಡ್ರೈವರುಗಳೆಲ್ಲ ಅವನನ್ನು ನ್ಯೂಟ್ರಲ್ ಎನ್ನುತ್ತಾರೆ. ಇಳಿಜಾರು ಸಿಕ್ಕರೆ ಸಾಕು, ಪ್ರಾಣಿಗಳು ಬೆದರಬಾರದೆಂದು ಎಂಜಿನ್ ಆರಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು ಜೀಪನ್ನು ಸದ್ದಿಲ್ಲದೆ ಉರುಳಲು ಬಿಡುವುದು ಅವನ ಚಾಳಿ. ನಾವಿಬ್ಬರೂ ಒಟ್ಟಿಗೆ ಡ್ರೈವರುಗಳ ಸಂಘ ಕಟ್ಟಿದವರು, ಒಟ್ಟಿಗೆ ಪೊಲೀಸರ ಪೆಟ್ಟು ತಿಂದವರು. ಆಗೊಂದು ಕಟ್ಟಳೆ ಮಾಡಿಕೊಂಡಿದ್ದೆವು. ಮುಂದಿನ ಜೀಪಿನವನು ಟೋಪಿ ತೆಗೆದು ಬಾನೆಟ್ಟಿನ ಮೇಲಿಟ್ಟರೆ ಹಿಂದಿನವರೆಲ್ಲ ನಿಲ್ಲಬೇಕು, ಯಾಕೆಂದು ಕೇಳಬಾರದು. ಸಂಘ ಸತ್ತಿತು. ಟೋಪಿಯ ಮಾತು ಅವನೊಬ್ಬನ ತಲೆಯಲ್ಲಿ ಉಳಿಯಿತು.

ಅವನ ಅತ್ತೆಗೆ ಒಂದೇ ದೂರು: "ಊರವರಿಗೆಲ್ಲ ಹುಲಿ ತೋರಿಸ್ತಾರೆ. ಹೆಣ್ಣು ಕೊಟ್ಟವಳಿಗೆ ಮಾತ್ರ ಬಾಲನೂ ಇಲ್ಲ." ಕೊನೆಗೊಂದು ಸಂಜೆ ಖಾಲಿ ಸೀಟು ಸಿಕ್ಕಿ, ಅವಳನ್ನು ಮುಂದೆ ಕೂರಿಸಿಕೊಂಡ. ಹಿಂದೆ ಪ್ರವಾಸಿಗರ ಜೊತೆ, ಅಂದು ಓಡಿಸುವ ಸರದಿಯಿಲ್ಲದ ನಾನು.

ಕೆರೆಯ ಹತ್ತಿರ ಹುಲಿ ಇದೆಯೆಂದು ಸುದ್ದಿ ಬಂತು. ಇದ್ದ ಹುಲಿಯನ್ನು ತಪ್ಪಿಸಿದ ಡ್ರೈವರಿಗೆ ಮತ್ತೆ ಜೀಪಿಲ್ಲ ಎನ್ನುವುದು ಮಾಲೀಕನ ಕಾನೂನು. ನ್ಯೂಟ್ರಲ್ ಬಿರುಸಾಗಿಯೇ ಓಡಿಸಿದ. ಇಳಿಜಾರಿನ ತಿರುವಿನಲ್ಲಿ ಆನೆ ಹಿಂಡು ದಾಟುತ್ತಿತ್ತು. ಕಾಲೂರಲು ಇನ್ನೂ ಬಾರದ ಎಳೆಮರಿಯೊಂದು ದಾರಿಯ ನಡುವೆ ಕುಸಿದು ಕೂತಿತ್ತು. ನ್ಯೂಟ್ರಲ್ ಎಂಜಿನ್ ಆರಿಸಿ, ಕೈ ಚಾಚಿ ಟೋಪಿಯನ್ನು ಬಾನೆಟ್ಟಿನ ಮೇಲಿಟ್ಟ.

ಹಿಂದಿನ ಜೀಪಿನ ಹೊಸ ಡ್ರೈವರಿಗೆ ಅದು ಬರೀ ಟೋಪಿ. ಪಕ್ಕದಿಂದ ನುಗ್ಗಲು ನೋಡಿದ. ನ್ಯೂಟ್ರಲ್ ಬ್ರೇಕು ಸಡಿಲಿಸಿ, ಜೀಪನ್ನು ಸದ್ದಿಲ್ಲದೆ ಉರುಳಿಸಿ ದಾರಿಗೆ ಅಡ್ಡ ನಿಲ್ಲಿಸಿದ. ಕೀಲಿ ಜೇಬಿಗಿಳಿಯಿತು.

"ಏನಣ್ಣ, ದಾರಿ ನಿಮ್ಮಪ್ಪಂದಾ?" ಎಂದ ಹೊಸಬ.

"ಅದರಪ್ಪಂದು." ನ್ಯೂಟ್ರಲ್ ಮರಿಯ ಕಡೆ ಗಲ್ಲ ಎತ್ತಿದ. "ಕೇಳ್ಕೊಂಡು ಬಾ, ಹೋಗು."

ಅತ್ತೆ ಗೊಣಗಿದಳು: "ಅಳಿಯಂದಿರೇ, ಹುಲಿ ನಮಗೋಸ್ಕರ ಕೂತಿರತ್ತಾ?"

"ಇಲ್ಲ ಅತ್ತೆ."

"ನಾಳೆ ಕೆಲಸ?"

"ಅದೂ ಇಲ್ಲ."

ತಾಯಾನೆ ಸೊಂಡಿಲಿನಿಂದ ನೂಕಿ ನೂಕಿ ಎಬ್ಬಿಸಿ, ಮರಿ ಆಚೆ ಸೇರುವ ಹೊತ್ತಿಗೆ ಹುಲಿ ತನ್ನ ಪಾಡಿಗೆ ಹೋಗಿತ್ತು.

ಹೊಸಬ ಫೋನಿನಲ್ಲಿ ಮೊದಲೇ ಮಾಲೀಕನ ಕಿವಿ ಊದಿದ್ದ. ಗೇಟಿನಲ್ಲಿ ಮಾಲೀಕ ಕೈ ಚಾಚಿ ನಿಂತಿದ್ದ. "ಇಂಥ ದಡ್ಡನ್ನ ಇಟ್ಕೊಂಡು ನಾನು ಹಾಳಾದೆ. ಕೀ ತಾ."

ನ್ಯೂಟ್ರಲ್ ಕೊಟ್ಟ. "ನಾಳೆನೂ ಮರಿ ಅಡ್ಡ ಬಂದ್ರೆ ಟೋಪಿ ಇಡ್ತೀನಿ. ಅದನ್ನ ಒಪ್ಕೊಂಡು ಜೀಪು ಕೊಡೋದಾದ್ರೆ ಕೊಡಿ."

ಪ್ರವಾಸಿಗರು ಇಳಿದರು. ಅತ್ತೆ ಇಳಿಯಲಿಲ್ಲ.

"ಅವನು ದಡ್ಡ ಹೌದು. ಹೆಣ್ಣು ಕೊಟ್ಟವಳು ನಾನು, ಹೇಳಬಹುದು. ನೀನ್ಯಾರಪ್ಪ ಹೇಳೋಕೆ? ಹುಲಿ ತೋರಿಸ್ತೀನಿ ಅಂತ ಕೂರಿಸಿದಾನೆ. ತೋರಿಸೋ ತನಕ ನಾನು ಏಳಲ್ಲ, ಓಡಿಸೋನೂ ಅವನೇ."

ನಾನೂ ಹಿಂದಿನ ಸೀಟಿಗೆ ಮತ್ತೆ ಹತ್ತಿದೆ. ಧರಣಿ ಕೂತು ಬಹಳ ಕಾಲವಾಗಿತ್ತು.

ಗೇಟಿನ ನಡುವೆಯೇ ನಿಂತ ಜೀಪು ನೋಡಿ ಗೇಟು ಮುಚ್ಚುವವನು ಬಂದು ಬಯ್ಯತೊಡಗಿದಾಗ ಮಾಲೀಕ ಕೀಲಿಯನ್ನು ನ್ಯೂಟ್ರಲ್ ಕೈಗೆ ಎಸೆದು ಹೋದ. ಮರುದಿನವೂ ಜೀಪು ಅವನದೇ. ಅತ್ತೆ ಇನ್ನೂ ಹುಲಿ ನೋಡಿಲ್ಲ. ದೂರು ಹಾಗೇ ಇದೆ.