ಬೆಳ್ಳಮ್ಮನ ಎಡೆಗೆ ಬಂಗುಡೆ

ಬ್ಲಫ್ ಎಂಬ ಊರಿನ ಪವರ್‌ಹೌಸಿನಲ್ಲಿ ಯಂತ್ರಗಳೆಲ್ಲ ನಿಂತರೂ ಒಂದು ಗುಡುಗು ಮಾತ್ರ ನಿಲ್ಲುವುದಿಲ್ಲವೆಂದು ಪ್ರತೀತಿ. ಅದು ಅಲ್ಲಿನ ಆಪರೇಟರ್ ಕೆಂಪಸಿದ್ದಯ್ಯನವರ ಹೊಟ್ಟೆ. ಅದು ಮೊಳಗಿದರೆ ಕಟ್ಟಿದ ಎಮ್ಮೆ ಹಗ್ಗ ಹರಿಯುತ್ತದೆ. ದೂರದ ಕಿರುಗಾವಲಿನಲ್ಲಿ ಮಳೆ ಬಂತೆಂದು ಒಣಹಾಕಿದ ರಾಗಿ ಬಾಚಿಕೊಳ್ಳುತ್ತಾರೆ.

ಈ ವಾದ್ಯ ಅವರಿಗೆ ತಾಯಿ ಬೆಳ್ಳಮ್ಮನಿಂದ ಬಂದ ಆಸ್ತಿ. ಕರುಳಿನ ಹುಣ್ಣು ಇಬ್ಬರಿಗೂ ಒಂದೇ, ಬಂಗುಡೆ ಮೀನಿನ ಹುಚ್ಚೂ ಒಂದೇ. ಗುಡುಗಿನ ಕೊನೆಗೆ ಸಣ್ಣ ಸಿಳ್ಳೆ ಹೊರಡಿಸುವ ವಿದ್ಯೆ ಮಾತ್ರ ಬೆಳ್ಳಮ್ಮನ ಜೊತೆಗೇ ಮಣ್ಣಾಯಿತು.

"ಮೀನು ಬಿಡಬೇಕಿಲ್ಲ. ಖಾರ, ಎಣ್ಣೆ ಬಿಡಿ. ಉಪ್ಪು ಅರಿಶಿನ ಹಾಕಿ ಬೇಯಿಸಿ, ಒಂದು ತುಂಡು ತಿನ್ನಿ," ಎಂದಿದ್ದರು ಡಾಕ್ಟರು. ಕೆಂಪಸಿದ್ದಯ್ಯನವರ ಹೆಂಡತಿ ಹೊಂಬಾಳಮ್ಮನ ಶಾಸ್ತ್ರದಲ್ಲಿ ಅದಕ್ಕೆ ಜಾಗವಿಲ್ಲ.

"ಕಾರ ಇಲ್ದಿದ್ರೆ ಅದು ಮೀನಾ? ಬಾಣಂತಿ ಊಟ! ಸುಮ್ಕೆ ಮೊಸರನ್ನ ಉಣ್ಣಿ."

ಹೀಗೆ ನಮ್ಮ ವೀರರು ಮೊಸರನ್ನದ ವನವಾಸದಲ್ಲಿದ್ದಾಗ, ಬೆಳ್ಳಮ್ಮ ತೀರಿಕೊಂಡ ಮೇಲಿನ ಮೊದಲ ಪಿತೃಪಕ್ಷ ಬಂತು. ಮಳವಳ್ಳಿಯಿಂದ ಬಂಗುಡೆಯೂ ಬಂತು. ಹಿರಿಯರು ಉಂಡು ಬಿಟ್ಟ ಎಡೆಯನ್ನು ಮನೆಯವರು ಬೇಡವೆನ್ನುವಂತಿಲ್ಲ. ಕೆಂಪಸಿದ್ದಯ್ಯನವರ ಕಣ್ಣು ಅಲ್ಲಿತ್ತು.

"ಅವ್ವುಂಗೆ ಸಪ್ಪಗೇ ಬೇಯ್ಸಮ್ಮಿ."

"ಸತ್ತೋರ್ಗೆ ಯಾವ ಕರುಳು, ಯಾವ ಹುಣ್ಣು? ಅತ್ಲಾಗೆ ನಡೀರಿ."

ಕೆಂಡದಂಥ ಮೀನಿನ ಸಾರೇ ಎಲೆಗೆ ಬಿತ್ತು. ಫೋಟೋದ ಮುಂದೆ ಎಡೆಯಿಟ್ಟು, ದೀಪ ಹಚ್ಚಿ, ಬೆಳ್ಳಮ್ಮ ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕುಳಿತರು.

ಗುಡುಗು ಕೇಳಿತು. ಉದ್ದಕ್ಕೆ, ನರಳಿದ ಹಾಗೆ.

ಎಲ್ಲರೂ ಕೆಂಪಸಿದ್ದಯ್ಯನವರ ಹೊಟ್ಟೆಯನ್ನೇ ದುರುಗುಟ್ಟಿ ನೋಡಿದರು. ಮಗಳು ನಯನ ಬಾಗಿ ಕಿವಿಯಿಟ್ಟಳು.

"ಅಪ್ಪುಂದಲ್ಲ ಕಣವ್ವಾ."

ಮತ್ತೆ ಮೊಳಗಿತು, ಬಾಗಿಲ ಆಚೆಯಿಂದ. ಕೊನೆಗೊಂದು ಸಣ್ಣ ಸಿಳ್ಳೆ. ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ದೀಪದ ಬೆಳಕು, ಯಾರೋ ಎದ್ದು ಅಡ್ಡ ಹೋದಂತೆ, ಒಮ್ಮೆ ಮರೆಯಾಗಿ ಮತ್ತೆ ಕಾಣಿಸಿತು.

ಹೊಂಬಾಳಮ್ಮ ಬಾಗಿಲು ತೆರೆದಳು. ಒಳಗೆ ಯಾರೂ ಇಲ್ಲ. ಅನ್ನ ಹಾಗೇ ಇತ್ತು. ಒಂದೇ ಒಂದು ತುಂಡು ಮೀನು ಕಚ್ಚಿ ಎಲೆಯಂಚಿಗೆ ಸರಿಸಿದಂತಿತ್ತು. ತುಂಬಿಟ್ಟಿದ್ದ ನೀರಿನ ಚೊಂಬು ತಳದವರೆಗೆ ಒಣಗಿತ್ತು.

"ಅತ್ತೆ ಏನಂತಾವ್ರೆ? ಆ ಹೊಟ್ಟೆ ಬಾಸೆ ನಿಮ್ಗೇ ಗೊತ್ತಾಗಾದು, ಕೇಳ್ರೀ!" ಹೊಂಬಾಳಮ್ಮ ಅಲ್ಲೇ ಅಡ್ಡಬಿದ್ದಳು.

ಕೆಂಪಸಿದ್ದಯ್ಯ ಚೊಂಬನ್ನು ಬಗ್ಗಿಸಿ ನೋಡಿದರು.

"ಏನಿಲ್ಲ ಕಣಮ್ಮಿ, ಅವ್ವುಂಗೆ ಕಾರ ಆಗಾಕಿಲ್ಲ. ಎಲ್ಡು ತುಂಡು ಸಪ್ಪಗೆ ಬೇಯ್ಸು. ಒಂದು ನಂಗೆ."