ಯಾವ ಎಂಬಿಎ ಎಂದು ಅರ್ಚಕರು ಕೇಳಿದರು

ಕಳೆದ ವರ್ಷ ಜೂನ್‌ನಲ್ಲಿ ನನ್ನ ರಾಜೀನಾಮೆ ಪತ್ರವನ್ನು ಬರೆದವರು ನನ್ನ ಸೋದರಮಾವ. ನಾನು ಸಹಿ ಹಾಕುವುದಷ್ಟೇ ಬಾಕಿ ಇತ್ತು.

ಮನೆಯ ವಿಷಯ ಹೊರಗೆ ಹೇಳುವ ಅಭ್ಯಾಸ ನನಗಿಲ್ಲ. ಅನುಗ್ರಹವಾದರೆ ನಾಲ್ಕು ಜನರಿಗೆ ತಿಳಿಸಬೇಕೆಂದು ಅಮ್ಮ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಆರು ವರ್ಷಗಳಿಂದ ನಾನು ಶಿರ್ತಾಡಿಯಿಂದ ಬಸ್ಸಿನಲ್ಲಿ ಹೋಗಿ ಮೂಡುಬಿದಿರೆಯ ಒಂದು ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಮೇಲಿನ ಹುದ್ದೆಗೆ ಎಂಬಿಎ ಬೇಕಿತ್ತು. ಎರಡು ವರ್ಷದ ಪೂರ್ಣಾವಧಿ ಕೋರ್ಸು ಆಗಷ್ಟೇ ಪದವಿ ಮುಗಿಸಿದವರಿಗೆ, ಇಲ್ಲವೇ ಕ್ಷೇತ್ರವನ್ನೇ ಬದಲಿಸುವವರಿಗೆ ಸರಿ. ನಾನು ಎರಡೂ ಅಲ್ಲ. ಕೆಲಸದಲ್ಲಿದ್ದುಕೊಂಡೇ, ವಾರಾಂತ್ಯ ಮಂಗಳೂರಿಗೆ ಹೋಗಿ ಎಕ್ಸಿಕ್ಯೂಟಿವ್ ಎಂಬಿಎ ಮಾಡುವುದೆಂದು ನಿರ್ಧರಿಸಿದ್ದೆ. ಬಿಟ್ಟು ಹೋದರೆ ಆ ಹುದ್ದೆ ಬೇರೆಯವರ ಪಾಲು. ಆದರೆ ನನಗೆ ಗಂಡು ಹುಡುಕುತ್ತಿದ್ದ ಮಾವನಿಗೆ ಪೂರ್ಣಾವಧಿಯೇ ಬೇಕಿತ್ತು.

"ಶನಿವಾರ, ಆದಿತ್ಯವಾರ ಹೋಗುದಾದ್ರೆ ಅದು ಎಂಬಿಎಯಾ, ಟೈಲರಿಂಗ್ ಕ್ಲಾಸಾ?" ಎಂದರು ಮಾವ. "ಗಂಡಿನ ಕಡೆಯವರಿಗೆ ನಾನು ಎಂತ ಹೇಳುದು?"

"ನನ್ನ ಕೆಲಸ ಹೋಗ್ತದೆ ಮಾವ."

"ಆಸ್ಪತ್ರೆಯಲ್ಲಿ ಚೀಟಿ ಹರಿಯುದು ಒಂದು ಕೆಲಸವಾ ಮಾರಾಯ್ತಿ?"

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅವರದೇ ಮಾತು. ಆ ತಿಂಗಳಿಡೀ ನಾನು ದೇವಿಯನ್ನು ಪ್ರಾರ್ಥಿಸಿದ್ದು ಭಕ್ತಿಯಿಂದಲ್ಲ, ಸಿಟ್ಟಿನಿಂದ.

ಒಂದು ಶುಕ್ರವಾರ ಮಾವ ನಮ್ಮನ್ನು ದೇವಸ್ಥಾನಕ್ಕೆ ಕರೆದೊಯ್ದರು. ಪೂರ್ಣಾವಧಿ ಕೋರ್ಸಿನ ಅರ್ಜಿ ಮತ್ತು ಆ ರಾಜೀನಾಮೆಯನ್ನು ದೇವಿಯ ಪಾದದಲ್ಲಿಟ್ಟು ಪ್ರಾರ್ಥನೆ ಮಾಡಿಸುವುದು, ಸೋಮವಾರ ನನ್ನಿಂದ ಸಹಿ ಹಾಕಿಸುವುದು ಅವರ ಯೋಜನೆ. ನಮ್ಮಲ್ಲಿ ಅರ್ಚಕರು ಹೆಸರು, ನಕ್ಷತ್ರ, ಕಾರಣ ಕೇಳಿ, ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸುತ್ತಾರೆ. ಹಾಗೆ ಹೇಳಿಸಿದ ಮಾತನ್ನು ಯಾರೂ ಹಿಂದೆಗೆದುಕೊಳ್ಳುವುದಿಲ್ಲ.

"ಇವಳಿಗೆ ಎಂಬಿಎ ಸೀಟು ಸಿಗ್ಬೇಕು," ಎಂದರು ಮಾವ.

"ಯಾವ ಎಂಬಿಎ? ನನ್ನ ಅಳಿಯನೂ ಮಾಡಿದ್ದಾನೆ, ಅದರಲ್ಲಿ ನಾಲ್ಕೈದು ನಮೂನೆ ಉಂಟು. ದೇವಿಗೆ ಸರಿಯಾಗಿ ಹೇಳ್ಬೇಕಲ್ಲ."

"ಫುಲ್ ಟೈಮ್."

"ಓದುದು ನೀವಾ?"

ಸುತ್ತ ನಿಂತವರು ನಕ್ಕರು. ಅರ್ಚಕರು ನನ್ನ ಕಡೆ ತಿರುಗಿ, "ನೀನು ಹೇಳು ಮಗಾ," ಎಂದರು.

ಅಷ್ಟು ಜನರ ಎದುರು ನನ್ನ ವಿಷಯವನ್ನು ನಾನು ಎಂದೂ ಆಡಿದವಳಲ್ಲ. "ಕೆಲಸ ಬಿಡದೆ ಮಾಡುವ ಎಂಬಿಎ. ಅದೇ ಆಸ್ಪತ್ರೆಯಲ್ಲಿ ಮೇಲಿನ ಹುದ್ದೆ," ಎಂದೆ.

"ಅವಳಿಗೆ ಎಂತ ಗೊತ್ತುಂಟು ಭಟ್ರೇ!" ಎಂದು ಮಾವ ಮುಂದೆ ಬಂದರು. ಅರ್ಚಕರು ಅಷ್ಟರಲ್ಲಿ ಕಣ್ಣು ಮುಚ್ಚಿ, ನನ್ನ ಮಾತನ್ನು ಒಂದಕ್ಷರವೂ ಬಿಡದೆ ಗಟ್ಟಿಯಾಗಿ ದೇವಿಗೆ ಒಪ್ಪಿಸತೊಡಗಿದ್ದರು.

ಮಾವ ಎಷ್ಟಾದರೂ ದೈವಭೀರು. ಪ್ರಸಾದ ತೆಗೆದುಕೊಂಡು ಬೈಕು ಹತ್ತಿ ಹೋದರು. ಅರ್ಚಕರು ಮರಳಿ ಕೊಟ್ಟ ರಾಜೀನಾಮೆಯನ್ನು ನಾನು ಬಸ್‌ಸ್ಟ್ಯಾಂಡಿನಲ್ಲಿ ಹರಿದು ಹಾಕಿದೆ.

ಜುಲೈಯಲ್ಲಿ ನಡೆದ ಎಂಬಿಎ ಸಂದರ್ಶನದಲ್ಲಿ ಕೇಳಿದ್ದೆಲ್ಲ ನನ್ನ ಕೆಲಸದ ಬಗ್ಗೆಯೇ. ಸೀಟು ಸಿಕ್ಕಿತು. ಮೊದಲ ವರ್ಷ ಮುಗಿಯುವ ಮುನ್ನವೇ ಆಸ್ಪತ್ರೆಯವರು ಆ ಹುದ್ದೆಯ ಪ್ರಭಾರವನ್ನೂ ಕೊಟ್ಟರು. ಸಿಟ್ಟಿನಿಂದ ಕರೆದರೂ ಓಗೊಟ್ಟ ತಾಯಿಗೆ ಕೈಮುಗಿಯುತ್ತೇನೆ.

ಮಾವ ಇಂದಿಗೂ ನನ್ನಲ್ಲಿ ಮಾತಾಡುವುದಿಲ್ಲ. ಅದಕ್ಕೂ ಒಂದು ಪ್ರಾರ್ಥನೆ ಮಾಡಿಸೆಂದು ಅಮ್ಮ ಹೇಳುತ್ತಿದ್ದಾರೆ. ದೇವಿ ಕೇಳಿದ್ದನ್ನು ಕೊಡುತ್ತಾಳೆಂದು ಈಗ ನನಗೆ ಖಚಿತವಾಗಿ ಗೊತ್ತು. ಹಾಗಾಗಿ ಅದೊಂದನ್ನು ಕೇಳಿಲ್ಲ.