ಒಂದೇ ಸಲ ಕೇಳಿದ ಗುರುಸಂಗಪ್ಪ

ಕೊಟ್ಟೂರಿನ ಬೀಜದಂಗಡಿಯ ಗುರುಸಂಗಪ್ಪ ನಮ್ಮ ಪಕ್ಕದ ಮನೆಯವನು. ಒಳ್ಳೆಯವನೇ. ಆದರೆ ತೊಂಬತ್ತೆಂಟರಲ್ಲಿ ಬಟ್ಟೆ ಅಂಗಡಿಯ ಮಹಡಿ ಮೇಲೆ ಒಂದು ಇಂಗ್ಲಿಷ್ ಕ್ಲಾಸು ಶುರುವಾಯಿತು, ಇವನು ಅದಕ್ಕೆ ಸೇರಿದ, ನಮ್ಮ ಓಣಿಯ ನೆಮ್ಮದಿ ಹಾಳಾಯಿತು. ಬೆಳಗಾದರೆ ಹಲ್ಲುಜ್ಜುತ್ತಲೇ ‘ಮ್ಯಾಗ್ನಾನಿಮಸ್, ಮ್ಯಾಗ್ನಾನಿಮಸ್’ ಎಂದು ಬಾಯಿಪಾಠ. ಹಾಗೆಂದರೆ ದೊಡ್ಡ ಮನಸ್ಸಿನವರು ಅಂತೆ. ಸೂರ್ಯಕಾಂತಿ ಬೀಜ ಕೇಳಿದ ರೈತರಿಗೆ, ಅದ್ಭುತ ಎನ್ನುವ ಬದಲು, ಇದು ‘ಫಿನಾಮಿನಲ್’ ಬೀಜ ಎನ್ನುತ್ತಿದ್ದ. ಅದು ಬೇಡ, ಹೋದ ವರ್ಷದ್ದೇ ಕೊಡು ಎನ್ನುತ್ತಿದ್ದರು ಅವರು.

ಪದಗಳ ಜೊತೆಗೆ, ಎದುರಿನವರನ್ನು ಮಾತಿನಲ್ಲೇ ಒಪ್ಪಿಸುವ ವಿದ್ಯೆಯನ್ನೂ ಅಲ್ಲಿ ಕಲಿಸುತ್ತಿದ್ದರು. ಅದರ ಮೊದಲ ಪಾಠ ಇವನ ತಲೆಗೆ ಚೆನ್ನಾಗಿ ಹತ್ತಿತ್ತು. ಹೇಳಬೇಕಾದ್ದನ್ನು ಒಂದೇ ಸಲ ಗಟ್ಟಿಯಾಗಿ ಹೇಳಬೇಕು, ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನಿರಬೇಕು. ಎರಡನೆಯ ಸಲ ಕೇಳಿದವನು ಸೋತ.

ಅಷ್ಟರಲ್ಲಿ ಇವನ ತಂಗಿ ವಾಣಿಶ್ರೀಯನ್ನು ನೋಡಲು ಹಗರಿಬೊಮ್ಮನಹಳ್ಳಿಯಿಂದ ಗಂಡಿನವರು ಬಂದರು. ಹುಡುಗ ಸೋಮಶೇಖರ್ ಮೇಷ್ಟ್ರು. ಹುಡುಗಿಗೆ ತುಂಬಾ ಹಿಡಿಸಿದ್ದ. ತಂದೆಯಿಲ್ಲದ ಮನೆ, ಉಪಚಾರವೆಲ್ಲ ಅಣ್ಣನದೇ. ನಾನೂ ಪಕ್ಕದಲ್ಲಿ ಕೂತಿದ್ದೆ. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ ಬಂದವು.

“ತಗೊಳ್ರಿ,” ಎಂದ ಗುರುಸಂಗಪ್ಪ, ಗಟ್ಟಿಯಾಗಿ.

“ಬ್ಯಾಡ್ರಿ, ಈಗ ಉಂಡು ಬಂದೀವಿ,” ಎಂದರು ಹುಡುಗನ ತಾಯಿ ಅನ್ನದಾನಮ್ಮ.

ನಮ್ಮ ಕಡೆ ಮೊದಲ ಸಲ ಬೇಡ ಎನ್ನುವುದು ಮರ್ಯಾದೆ. ಇನ್ನೆರಡು ಸಲ ಒತ್ತಾಯ ಮಾಡಿಸಿಕೊಂಡೇ ತಟ್ಟೆಗೆ ಕೈ ಹಾಕುವುದು. ಇದು ಹಸುಗೂಸಿಗೂ ಗೊತ್ತು. ಈ ಪುಣ್ಯಾತ್ಮ ಆಕೆಯ ಕಣ್ಣನ್ನೇ ದಿಟ್ಟಿಸುತ್ತ ಕೂತುಬಿಟ್ಟ! ಬಾಗಿಲ ಸಂದಿಯಿಂದ ವಾಣಿಶ್ರೀ ಕೈಸನ್ನೆ ಮಾಡಿ ಮಾಡಿ ಸೋತಳು. ನಾನಾದರೂ ಒತ್ತಾಯ ಮಾಡೋಣವೆಂದು ಬಾಯಿ ತೆರೆದರೆ ತೊಡೆ ಚಿವುಟಿದ. ಮಿರ್ಚಿ ಆರಿತು. ಬಂದವರು ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿದರು.

ವಾರದೊಳಗೆ ಸುದ್ದಿ ಬಂತು: “ಬಂದೋರಿಗೆ ಬಾಯ್ತುಂಬ ಉಣ್ರಿ ಅನ್ನಲಾರದ ಮನಿ ಹೆಣ್ಣು ನಮಗ ಬ್ಯಾಡ.” ವಾಣಿಶ್ರೀ ಅತ್ತು ಅತ್ತು ಅಣ್ಣನ ಜೊತೆ ಮಾತು ಬಿಟ್ಟಳು. ನನಗಂತೂ ಅವನನ್ನು ಬಡಿಯುವಷ್ಟು ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಏನೂ ತಿನ್ನದೆ, ಗಂಡಿನವರನ್ನು ಒಪ್ಪಿಸಲು ಹೊಸ ಭಾಷಣ ಗುನುಗುತ್ತ, ನನ್ನನ್ನೂ ಎಳೆದುಕೊಂಡು ಹಗರಿಬೊಮ್ಮನಹಳ್ಳಿಗೆ ಹೊರಟ. ಮನೆಗೆ ಬಂದವರಲ್ಲವೇ, ಅನ್ನದಾನಮ್ಮ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದು ಮುಂದಿಟ್ಟರು.

“ಉಣ್ರಿ.”

“ಬ್ಯಾಡ್ರಿ, ಈಗ ಉಂಡು ಬಂದೀವಿ,” ಎಂದ ಗುರುಸಂಗಪ್ಪ, ರೂಢಿಯಂತೆ.

ಅನ್ನದಾನಮ್ಮ ಅವನ ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನೆ ಕೂತರು. ರೊಟ್ಟಿಯ ಹಬೆ ನಿಂತಿತು. ಇವನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ ಎಂದಿತು. ಇಷ್ಟು ದಿನ ಉರುಹೊಡೆದ ಇಂಗ್ಲಿಷಿನಲ್ಲಿ ಒಂದು ಪದವೂ ನೆರವಿಗೆ ಬರಲಿಲ್ಲ. ಕಣ್ಣಲ್ಲಿ ನೀರಾಡಿತು, ಹಸಿವಿಗೋ ತಂಗಿಯ ನೆನಪಿಗೋ.

“ಅವ್ವಾ,” ಎಂದ ಸಣ್ಣ ದನಿಯಲ್ಲಿ, “ಇನ್ನೊಂದ್ಸಲ ಕೇಳ್ರಿ.”

ಅನ್ನದಾನಮ್ಮ ಸೆರಗು ಬಾಯಿಗಿಟ್ಟು ನಕ್ಕೇ ನಕ್ಕರು.

“ಉಣ್ಣಪ್ಪಾ, ಉಣ್ಣು. ಮದುವ್ಯಾಗ ಮಾತ್ರ ಬಡಿಸಾಕ ಬ್ಯಾರೇ ಯಾರನ್ನಾರ ನಿಲ್ಲಿಸು.”